ಸೂಜಿ ಬಿಚ್ಚಿ ಹೊಲಿದ ಕಾರು

ನನ್ನ ನಾದಿನಿಯನ್ನು ಮನೆಯಲ್ಲಿ ಎಲ್ಲರೂ ಸೂಜಿ ಎಂದೇ ಕರೆಯುವುದು. ಮೈ ತೆಳ್ಳಗೆ, ಮಾತು ಚೂಪು, ಕಸುಬು ಹೊಲಿಗೆ. ಬಟ್ಟೆಯಲ್ಲಿ ಒಂದು ಎಳೆ ನೇತಾಡುತ್ತಿದ್ದರೆ ಅವಳಿಗೆ ಗಂಟಲಲ್ಲಿ ತುತ್ತು ಇಳಿಯದು. ಒಮ್ಮೆ ಬಸ್ಸಿನಲ್ಲಿ ಮುಂದಿನ ಸೀಟಿನವನ ಕಾಲರಿನಿಂದ ದಾರವೊಂದು ಇಳಿಬಿದ್ದಿತ್ತು. ಇವಳು ಚೀಲದಿಂದ ಪುಟ್ಟ ಕತ್ತರಿ ತೆಗೆದು ಕಚಕ್ಕೆಂದು ಕತ್ತರಿಸಿಬಿಟ್ಟಳು. ಆತ ಕುತ್ತಿಗೆ ಹಿಡಿದುಕೊಂಡು ಎದ್ದು ನಿಂತ. "ಕೂತ್ಕೊಳ್ಳಿ, ತಲೆ ಅಲ್ಲೇ ಇದೆ," ಅಂದಳು. ನಾನು ಪಕ್ಕದಲ್ಲೇ ಕೂತು, ಇವಳು ಯಾರೋ ನಾನು ಯಾರೋ ಎನ್ನುವ ಹಾಗೆ ಕಿಟಕಿಯ ಹೊರಗೆ ನೋಡುತ್ತಿದ್ದೆ.

ಅವಳು ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ, "ಅಳತೆಗೆ ಸರಿಯಾಗಿ ಯಾರೂ ಸಿಗಲಿಲ್ಲ," ಎನ್ನುತ್ತಿದ್ದಳು. ಚಿಕ್ಕ ವಯಸ್ಸಿನಲ್ಲಿ ಅಂಗಿ ಕಾರ್ಖಾನೆಯಲ್ಲಿದ್ದಳು. ಅಲ್ಲಿ ಒಬ್ಬರು ತೋಳು ಹೊಲಿದರೆ ಇನ್ನೊಬ್ಬರು ಜೇಬು, ಇವಳ ಪಾಲಿಗೆ ಬರೀ ಕಾಲರು. "ಊರಿನ ಗಂಡಸರ ಕುತ್ತಿಗೆಯೆಲ್ಲ ನನ್ನ ಕೈಲಿದೆ," ಎಂದು ನಗುತ್ತಿದ್ದಳು. ನಮ್ಮ ಅತ್ತೆ ಹಾಸಿಗೆ ಹಿಡಿದಾಗ ಆ ಕೆಲಸ ಬಿಟ್ಟು ಮನೆಯಲ್ಲೇ ಯಂತ್ರ ಹಾಕಿಕೊಂಡಳು.

ಅತ್ತೆಗೆ ತೋಳು ಎತ್ತಲು ಬರುತ್ತಿರಲಿಲ್ಲ. ನಿತ್ಯ ಬೆಳಿಗ್ಗೆ ಅವರಿಗೆ ಬಟ್ಟೆ ತೊಡಿಸುವುದೆಂದರೆ ನಾವಿಬ್ಬರೂ ಅವರೂ ಸೇರಿ ಮೂವರಿಗೂ ಅಳು. ಒಂದು ದಿನ ಸೂಜಿ ಅವರ ಗೌನನ್ನು ಬೆನ್ನಿನ ಉದ್ದಕ್ಕೂ ಸೀಳಿ, ಅಂಚು ಮಡಚಿ, ಪಕ್ಕಕ್ಕೆ ಕಟ್ಟುವ ಪಟ್ಟಿ ಹಚ್ಚಿದಳು. ಮುಂದಿನಿಂದ ತೊಡಿಸಿ, ಮಗ್ಗುಲಿಗೆ ಕಟ್ಟಿದರೆ ಮುಗಿಯಿತು. ಅತ್ತೆ ಎದೆಯ ಮೇಲಿನ ಬಟ್ಟೆ ಸವರಿಕೊಂಡು, "ಮುಂದಿನಿಂದ ನೋಡಿದೋರಿಗೆ ಗೊತ್ತಾಗಲ್ಲ ಅಲ್ವೇನೇ?" ಎಂದು ಕೇಳಿದರು. "ಹಿಂದಿನಿಂದ ನೋಡೋಕೆ ನೀನು ಎಲ್ಲಿ ತಿರುಗ್ತೀಯಮ್ಮಾ?" ಅಂದಳು ಮಗಳು. ಅತ್ತೆ ಬಹಳ ದಿನಗಳ ಮೇಲೆ ನಕ್ಕದ್ದು ಅವತ್ತು.

ಆ ಗೌನು ನೋಡಿದ ನರ್ಸಮ್ಮ ಇನ್ನೊಂದು ಮನೆಗೆ ಹೇಳಿದಳು, ಆ ಮನೆಯವರು ಮತ್ತೊಂದು ಮನೆಗೆ. ಹೀಗೆ ಹಾಸಿಗೆ ಹಿಡಿದವರಿಗೆ ಬಟ್ಟೆ ಹೊಲಿಯುವುದೇ ಅವಳ ಕಸುಬಾಯಿತು. ಆದರೆ ಈ ಗಿರಾಕಿಗಳು ಅಂಗಡಿಗೆ ಬರುವವರಲ್ಲ, ಇವಳೇ ಹೋಗಬೇಕು. ಅಳತೆಗೆ ಒಮ್ಮೆ, ತೊಡಿಸಿ ನೋಡಲು ಒಮ್ಮೆ. ಯಂತ್ರ ತುಳಿದು ತುಳಿದು ಅವಳ ಮೊಣಕಾಲು ಸವೆದಿತ್ತು. ಕೂತು ತುಳಿಯಲು ಅಡ್ಡಿಯಿಲ್ಲ, ಬಸ್ಸಿನ ಮೆಟ್ಟಿಲು ಮಾತ್ರ ಆಗದು. ಹಾಗಾಗಿ ಶನಿವಾರ ಶನಿವಾರ ನನ್ನ ಯಜಮಾನರೇ ಕಾರಿನಲ್ಲಿ ತಂಗಿಯನ್ನು ಮನೆಮನೆಗೆ ಕರೆದೊಯ್ಯುತ್ತಿದ್ದರು.

ಆ ಕಾರಿನ ವಿಷಯ ಹೇಳಬೇಕು. ಕೊಂಡಾಗಲೇ ಮೂರನೆಯವರ ಕೈಯದು. ಬಣ್ಣ ಒಂದು ಕಾಲಕ್ಕೆ ನೀಲಿ. ಎಡಗಡೆಯ ಬಾಗಿಲು ಒಳಗಿನಿಂದಷ್ಟೇ ತೆರೆಯುತ್ತಿತ್ತು. ಅದನ್ನು ಯಾರೋ ಕದಿಯುತ್ತಾರೆಂದು ನನ್ನ ಯಜಮಾನರಿಗೆ ಭಯ. ಯಾವುದೋ ಅಂಗಡಿಗೆ ಹೋಗಿ, ಯಾರಾದರೂ ಮುಟ್ಟಿದರೆ ಕೂಗುವ ಕಳ್ಳಗಂಟೆ ಹಾಕಿಸಿಕೊಂಡು ಬಂದರು. ಅಂಗಡಿಯವನು ಬಲು ಜಾಣ. ಅವನು ಕೂರಿಸಿದ ಪೆಟ್ಟಿಗೆಯಿಂದ ಹೊರಟ ತಂತಿಗಳೆಲ್ಲ ಕಪ್ಪು, ಒಂದಕ್ಕೂ ಬೇರೆ ಬಣ್ಣವಿಲ್ಲ. ಕಳ್ಳ ಬಂದರೂ ಯಾವುದು ಯಾವುದೆಂದು ತಿಳಿಯಬಾರದಂತೆ. ಯಜಮಾನರು ಇದನ್ನು ಬಂದವರಿಗೆಲ್ಲ ಹೇಳಿಕೊಂಡು ಮೆರೆದರು. "ಕಳ್ಳನಿಗೂ ಮಾನ ಮರ್ಯಾದೆ ಇರುತ್ತೆ ಕಣೋ ಅಣ್ಣಾ, ಈ ಕಾರು ಮುಟ್ಟಲ್ಲ," ಎಂದು ಸೂಜಿ ಚುಚ್ಚುತ್ತಿದ್ದಳು. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಮಲಗುವ ಮುಂಚೆ ಕಿಟಕಿಯಿಂದ ಕೈ ಚಾಚಿ ಕೀಗೊಂಚಲಿನ ಗುಂಡಿ ಒತ್ತುವರು, ಕೆಳಗೆ ಕಾರು ಕೀಂ ಕೀಂ ಎನ್ನುವುದು. ಅದನ್ನು ಕೇಳಿದ ಮೇಲೆಯೇ ಅವರಿಗೆ ನಿದ್ದೆ. ವರ್ಷಗಟ್ಟಲೆ ಕೇಳಿ ಕೇಳಿ ನನಗೂ ಹಾಗೆಯೇ ಆಗಿತ್ತು.

ಅವರು ತೀರಿಹೋದ ಮೇಲೆ ಕಾರು ನಿಂತಲ್ಲೇ ನಿಂತಿತು. ಯಜಮಾನರ ಅಣ್ಣ, ನನ್ನ ಭಾವ, ಬಂದಾಗೆಲ್ಲ ಅದರ ಟೈರನ್ನು ಕಾಲಿನಿಂದ ಒತ್ತಿ ನೋಡುವರು. "ಓಡದೆ ನಿಂತ್ರೆ ಕಬ್ಬಿಣ, ಓಡಿದ್ರೆ ಕಾರು. ಕಬ್ಬಿಣ ಆಗೋ ಮುಂಚೆ ಕೊಟ್ಟುಬಿಡೋಣ," ಅನ್ನುವರು. ಮಾತು ತಪ್ಪೇನಲ್ಲ. ಓಡದಿದ್ದರೆ ಕೊಟ್ಟುಬಿಡೋಣ ಎಂದು ನಾನೂ ಒಪ್ಪಿಕೊಂಡೆ.

ಸೂಜಿ ಅದನ್ನು ಕೇಳಿಸಿಕೊಂಡವಳೇ ಡ್ರೈವಿಂಗ್ ಕಲಿಯಲು ಸೇರಿದಳು. ತಲೆ ನರೆತವಳು, ಕಾಲೇಜು ಹುಡುಗಿಯರ ಜೊತೆ ಸಾಲಿನಲ್ಲಿ ನಿಂತು. ಕಲಿಸುವವನು ಮೊದಲ ದಿನ ಕ್ಲಚ್ಚು ಬ್ರೇಕು ಎಂದು ಭಯಪಡುತ್ತ ವಿವರಿಸಿದನಂತೆ. ಇವಳು, "ಅಷ್ಟೇನಾ? ನನ್ನ ಯಂತ್ರಕ್ಕಿಂತ ಮೆತ್ತಗಿದೆ," ಎಂದು ತುಳಿದಳಂತೆ. ಪರೀಕ್ಷೆಯಲ್ಲಿ ಹಿಂದಕ್ಕೆ ಬಿಡುವಾಗ ಒಂದು ಕಂಬ ಮುಟ್ಟಿಸಿ ಬಂದಳು. ಮತ್ತೆ ಹೋಗಿ, ಮುಟ್ಟಿಸದೆ ಬಂದಳು.

ಶನಿವಾರದ ಓಡಾಟ ಮತ್ತೆ ಶುರುವಾಯಿತು, ಆದರೆ ಕಳ್ಳಗಂಟೆಗೆ ಹುಚ್ಚು ಹಿಡಿಯಿತು. ಬೆಕ್ಕು ಹಾರಿದರೆ ಕೂಗು, ಮಕ್ಕಳ ಚೆಂಡು ತಗುಲಿದರೆ ಕೂಗು, ಒಮ್ಮೊಮ್ಮೆ ಏನೂ ಇಲ್ಲದೆಯೂ ಕೂಗು. ಎದುರುಮನೆಯವನು ಬೇಕರಿಯಲ್ಲಿ ರಾತ್ರಿಯೆಲ್ಲ ಒಲೆಯ ಮುಂದೆ ನಿಂತು ಹಗಲು ಮಲಗುವವನು. ಪ್ರತಿ ಸಲ ಕೂಗಿದಾಗಲೂ ತಲೆ ಕೆದರಿಕೊಂಡು ಬಾಗಿಲಿಗೆ ಬಂದು ನಿಲ್ಲುವನು.

"ಅಕ್ಕಾ, ನಿಮ್ಮ ಕಾರಿಗೆ ಏನು ಹೊಟ್ಟೆನೋವು?"

"ನಿನ್ನ ಬನ್ನು ತಿಂದಿತ್ತು," ಎನ್ನುವಳು ಸೂಜಿ.

ಕೊನೆಗೊಂದು ದಿನ ಒಬ್ಬ ರೋಗಿಯ ಮನೆಯ ಮುಂದೆಯೇ ಅದು ಊಳಿಡಲು ಶುರುಮಾಡಿತು. ಒಳಗೆ ಮಲಗಿದ್ದ ಮುದುಕರು ಗಾಬರಿಯಿಂದ ಉಸಿರು ಎಳೆದುಕೊಂಡರಂತೆ. ಸೂಜಿ ಮನೆಗೆ ಬಂದು ನನ್ನೆದುರು ಕೂತಳು. "ಅತ್ತಿಗೆ, ಅದನ್ನ ತೆಗೀಬೇಕು. ನಿಮ್ಮನ್ನ ಕೇಳದೆ ತೆಗೆಯಲ್ಲ," ಅಂದಳು. ಯಾಕೆ ಕೇಳುತ್ತಿದ್ದಾಳೆಂದು ನನಗೆ ಗೊತ್ತಿತ್ತು. ಮಲಗುವ ಮುಂಚೆ ಆ ಗುಂಡಿ ಒತ್ತುತ್ತಿದ್ದವಳು ಈಗ ನಾನು. ಕೈಯಲ್ಲಿದ್ದ ಲೋಟದ ಚಹಾ ಮುಗಿಸಿದೆ. ಆಮೇಲೆ, "ತೆಗಿ," ಅಂದೆ.

ಸೂಜಿ ಯಾರನ್ನೂ ಕರೆಯಲಿಲ್ಲ. ಮೊದಲು ಬ್ಯಾಟರಿಯ ತಂತಿ ಬಿಚ್ಚಿಟ್ಟಳು, ಅಷ್ಟು ಎಚ್ಚರ ಅವಳಿಗಿತ್ತು. ನಡುಮನೆಯ ದಿಂಬು ತಂದು ಬೆನ್ನಿಗೆ ಕೊಟ್ಟು, ಸ್ಟೇರಿಂಗಿನ ಕೆಳಗೆ ಅಂಗಾತ ಮಲಗಿ, ಕನ್ನಡಕದ ಮೇಲೆ ಟಾರ್ಚು ಕಟ್ಟಿಕೊಂಡಳು. ಕಪ್ಪು ತಂತಿಗಳನ್ನು ಒಂದೊಂದಾಗಿ ಕತ್ತರಿಸಿ ಪೆಟ್ಟಿಗೆಯನ್ನು ಹೊರತೆಗೆದಳು. ಅಲ್ಲಿಗೆ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ತುಂಡು ತುಂಡು ತಂತಿಗಳು ನೇತಾಡುತ್ತಿದ್ದವಲ್ಲ, ಅವಳಿಗೆ ತುತ್ತು ಇಳಿದೀತೇ? ಒಂದೊಂದು ತುದಿಯನ್ನೂ ಸಮಕ್ಕೆ ಕತ್ತರಿಸಿ, ಮಡಚಿ, ಬುಡದವರೆಗೂ ಕಪ್ಪು ಟೇಪು ಸುತ್ತಿ, ಕಾಲರಿನ ಮೂಲೆ ತಿರುಗಿಸಿದ ಹಾಗೆ ಚೂಪಾಗಿ ಮುಗಿಸಿದಳು. ಎಲ್ಲವನ್ನೂ ಸೇರಿಸಿ ಒಂದು ದಾರದಿಂದ ಕಟ್ಟಿ ಒಳಗೆ ತುರುಕಿದಳು. ನನ್ನನ್ನು ಕರೆದು ತೋರಿಸಿದಳು ಕೂಡ. ಪೆಟ್ಟಿಗೆಯಲ್ಲಿ ಜೋಡಿಸಿಟ್ಟ ಪೆನ್ಸಿಲ್ಲುಗಳ ಹಾಗೆ ಕಾಣುತ್ತಿತ್ತು.

ಬ್ಯಾಟರಿ ಜೋಡಿಸಿ ಕೀ ತಿರುಗಿಸಿದಳು. ದೀಪ ಹೊತ್ತಿತು, ಹಾರನ್ನು ಕೂಗಿತು. ಎಂಜಿನ್ನು ಉಸಿರೆತ್ತಲಿಲ್ಲ. ಇನ್ನೊಮ್ಮೆ ತಿರುಗಿಸಿದಳು. ಟಿಕ್ ಎನ್ನುವ ಸದ್ದೂ ಇಲ್ಲ.

ಎದುರುಮನೆಯವನು ಬಾಗಿಲಲ್ಲಿ ನಿಂತಿದ್ದ. "ಇಷ್ಟು ದಿನ ಬಾಯಿ ಮುಚ್ಚಲಿಲ್ಲ, ಈಗ ಬಾಯೇ ಬಿಡ್ತಿಲ್ಲವಲ್ಲ ಅಕ್ಕಾ," ಅಂದ. ಸೂಜಿ ಕೀ ಕಿತ್ತುಕೊಂಡು ಒಳಗೆ ಹೋದಳು.

ಭಾವನ ಕಿವಿಗೆ ಸುದ್ದಿ ಬೀಳಲು ತಡವಾಗಲಿಲ್ಲ. ಭಾನುವಾರ ಬೆಳಿಗ್ಗೆ ಒಬ್ಬರು ಕಾರು ನೋಡಲು ಬರುತ್ತಾರೆ, ಓಡದಿದ್ದರೂ ಪರವಾಗಿಲ್ಲವಂತೆ, ಎಳೆದುಕೊಂಡು ಹೋಗುತ್ತಾರಂತೆ ಎಂದು ಹೇಳಿ ಕಳಿಸಿದರು. ಸೂಜಿ ನನ್ನ ಮುಖ ನೋಡಿದಳು. "ಮಾತು ಕೊಟ್ಟಾಗಿದೆ ಕಣೇ. ಭಾನುವಾರದೊಳಗೆ ಓಡಿದ್ರೆ ಕಾರು ನಿಂದು. ಇಲ್ಲದಿದ್ರೆ ಭಾವನಿಗೆ ನಾನೇನು ಹೇಳಲಿ?" ಅಂದೆ. ಅವಳು ತಲೆಯಾಡಿಸಿ ಯಂತ್ರದ ಮುಂದೆ ಹೋಗಿ ಕೂತಳು.

ಯಂತ್ರದ ಮೇಲೆ ಒಂದು ಅಂಗಿ ಅರ್ಧಕ್ಕೆ ನಿಂತಿತ್ತು. ಊರಿನ ಇನ್ನೊಂದು ತುದಿಯಲ್ಲಿರುವ ಗಡಿಯಾರ ರಿಪೇರಿಯವರದು. ಬೆನ್ನುಮೂಳೆ ಮುರಿದು ಮಲಗಿದ್ದವರು. ಎಲ್ಲರ ಹಾಗೆ ಹಿಂದಿನಿಂದ ತೆರೆಯುವ ಗೌನು ಅವರು ಒಪ್ಪಲಿಲ್ಲ. "ನಂಗೆ ಅಂಗಿ ಬೇಕು. ಮುಂದೆ ಗುಂಡಿ ಬೇಕು. ಗುಂಡಿ ಹಾಕ್ಕೊಳ್ಳೋದು ಒಂದಾದ್ರೂ ನಾನೇ ಮಾಡ್ಕೊಳ್ತೀನಿ," ಅಂದಿದ್ದರಂತೆ. ಅದಕ್ಕೆ ಸೂಜಿ ಬೆನ್ನನ್ನು ಸೀಳಿ ಪಟ್ಟಿ ಇಟ್ಟಳು, ಎದುರಿಗೆ ಕಾಲರು, ಜೇಬು, ನಿಜವಾದ ಗುಂಡಿ, ನಿಜವಾದ ಕಾಜಾ ಎಲ್ಲ ಇಟ್ಟಳು. ತೊಡಿಸಿದ ಮೇಲೆ ಅವರು ತಮ್ಮ ಪಾಡಿಗೆ ಮೇಲಿನಿಂದ ಕೆಳಗಿನವರೆಗೆ ಗುಂಡಿ ಹಾಕಿಕೊಳ್ಳಬಹುದು. ಅದನ್ನು ತೊಡಿಸಿ ನೋಡಬೇಕಿತ್ತು. ಅಲ್ಲಿಗೆ ಎರಡು ಬಸ್ಸು ಬದಲಿಸಬೇಕು. ಬಸ್ಸಿಗೆ ಮೆಟ್ಟಿಲು.

ಮಾರನೆಯ ದಿನ ಬೇಕರಿಯವನೇ, "ತಳ್ಳಿ ನೋಡೋಣ ಅಕ್ಕಾ," ಅಂದ. ನಿದ್ದೆಗೆಟ್ಟವನ ಔದಾರ್ಯ ದೊಡ್ಡದು. ಬೀದಿಯ ಇನ್ನಿಬ್ಬರು ಸೇರಿಕೊಂಡರು. ಸೂಜಿ ಎರಡನೇ ಗೇರಿನಲ್ಲಿಟ್ಟು ಕ್ಲಚ್ಚು ಒತ್ತಿ ಕೂತಳು, ಅವರು ತಳ್ಳಿದರು. ವೇಗ ಹಿಡಿದಾಗ ಇವಳು ಕಾಲು ಬಿಟ್ಟಳು. ಕಾರು ಒಮ್ಮೆ ಬಿಕ್ಕಳಿಸಿ, ಗುರ್ ಎಂದು ಎದ್ದಿತು. ಬೀದಿಯವರೆಲ್ಲ ಕೈ ತಟ್ಟಿದರು. ತಿರುವಿನಲ್ಲಿ ಬೇಕರಿಯ ತಳ್ಳುಗಾಡಿ ಎದುರಾಯಿತು. ಇವಳು ಬ್ರೇಕು ತುಳಿದಳು, ಕ್ಲಚ್ಚು ಮರೆತಳು, ಕಾರು ಸತ್ತಿತು. ಕೀ ತಿರುಗಿಸಿದರೆ ಮತ್ತೆ ಮೌನ.

"ಓಡ್ತಲ್ಲ, ಅಷ್ಟು ಸಾಲದಾ? ತಳ್ಳಿದ್ರೆ ಆಯ್ತು," ಅಂದ ಅವನು ಬೆವರು ಒರೆಸಿಕೊಳ್ಳುತ್ತ.

"ಹೋದ ಮನೆ ಮುಂದೆಲ್ಲ ತಳ್ಳೋಕೆ ನಿನ್ನನ್ನ ಹಿಂದಿನ ಸೀಟಲ್ಲಿ ಮಲಗಿಸ್ಕೊಂಡು ಹೋಗಲೇನೋ?"

"ಮಲಗೋಕಾದ್ರೆ ಈಗಲೇ ಬರ್ತೀನಿ."

ಶನಿವಾರ ಮಧ್ಯಾಹ್ನ ಗ್ಯಾರೇಜಿನವರು ಬಂದರು. ನಿಧಾನದ ಮನುಷ್ಯ. ಮಾತಿಗೆ ಮುಂಚೆ ಒಮ್ಮೆ ಕೆಮ್ಮುವುದು ಅಭ್ಯಾಸ. ತಳ್ಳಿದ ಕಥೆ ಕೇಳಿ ಅವರ ಮುಖ ಅರಳಿತು.

"ಒಳ್ಳೇ ಕೆಲಸ ಮಾಡಿದ್ರಿ ಅಕ್ಕಾ. ಅರ್ಧ ಹುಡುಕಾಟ ಅಲ್ಲೇ ಮುಗೀತು. ತಳ್ಳಿದ್ರೆ ಓಡುತ್ತೆ ಅಂದ್ರೆ ಎಂಜಿನ್ ಸರಿ, ಪೆಟ್ರೋಲ್ ಸರಿ, ಕಿಡೀನೂ ಸರಿ. ಕೀ ತಿರುಗಿಸಿದಾಗ ಸ್ಟಾರ್ಟರ್ ಮೋಟರಿಗೆ ಸುದ್ದಿ ಹೋಗಬೇಕು, ಆ ಸುದ್ದಿ ದಾರೀಲಿ ನಿಂತಿದೆ. ಕಳ್ಳಗಂಟೆ ಹಾಕೋವ್ರು ಆ ತಂತೀನ ಕತ್ತರಿಸಿ, ತಮ್ಮ ಪೆಟ್ಟಿಗೆ ಒಳಗಿಂದ ಸುತ್ತಿಸಿ ತಂದಿರ್ತಾರೆ. ಪೆಟ್ಟಿಗೆ ತೆಗೆದ್ರೆ ಸೇತುವೆ ತೆಗೆದ ಹಾಗೆ. ಎರಡು ದಡ ಕೂಡಿಸಿದ್ರೆ ಆಯ್ತು, ಐದು ನಿಮಿಷದ ಕೆಲಸ."

ಬಗ್ಗಿ ಸ್ಟೇರಿಂಗಿನ ಕೆಳಗೆ ಟಾರ್ಚು ಬಿಟ್ಟರು. ಒಂದೊಂದೇ ತುದಿ ಮುಟ್ಟಿ ನೋಡಿದರು. ಈ ಸಲ ಕೆಮ್ಮದೆಯೇ ಕೇಳಿದರು.

"ಯಾರು ಮಾಡಿದ್ದು ಇದು?"

"ನಾನೇ," ಅಂದಳು ಸೂಜಿ, ಸ್ವಲ್ಪ ಹೆಮ್ಮೆಯಿಂದಲೇ.

"ನನ್ನ ಜೀವಮಾನದಲ್ಲಿ ಇಷ್ಟು ಚೆಂದದ ಕೆಲಸ ನೋಡಿಲ್ಲ ಅಕ್ಕಾ. ಯಾರಾದ್ರೂ ಒರಟಾಗಿ ಹರಿದು ಹಾಕಿದ್ರೆ, ಹರಿದ ಬಾಯಿ ನೋಡಿ ಯಾವುದು ಯಾವುದರ ಜೋಡಿ ಅಂತ ಹೇಳ್ತಿದ್ದೆ. ಇಲ್ಲಿ ಎಲ್ಲಾನೂ ಒಂದೇ ಉದ್ದ, ಒಂದೇ ಬಣ್ಣ, ಒಂದೇ ಮೂತಿ. ಬೇಲೀಲಿ ಗುಬ್ಬಿ ಸಾಲು ಕೂತ ಹಾಗಿದೆ."

ಸೂಜಿಯ ಮುಖ ಇಳಿಯಿತು. ಅವಳ ಕೈಕೆಲಸಕ್ಕೆ ಯಾರಾದರೂ ಹೆಸರಿಟ್ಟಿದ್ದು ನಾನು ಕಂಡಿಲ್ಲ. ಚೆನ್ನಾಗಿ ಮಾಡಿದ್ದೇ ತಪ್ಪು ಎನಿಸಿಕೊಂಡಿದ್ದಂತೂ ಮೊದಲ ಸಲ. ಕಡಿದ ಎಳೆ ಕಂಡರೆ ಗಂಟು ಹಾಕಿ ಮುಗಿಸುವುದು ನಲವತ್ತು ವರ್ಷದ ಅಭ್ಯಾಸ. ಆ ಎಳೆಗೆ ಇನ್ನೊಂದು ಎಳೆ ಕಾಯುತ್ತಿರಬಹುದೆಂದು ಅವಳ ಕೈಗೆ ಹೊಳೆದಿರಲಿಲ್ಲ.

ಸ್ವಲ್ಪ ಹೊತ್ತು ಬಾಗಿಲಿಗೆ ಒರಗಿ ನಿಂತಳು. ಆಮೇಲೆ ಒಳಗೆ ಹೋಗಿ ಹೊಲಿಗೆ ಬಿಚ್ಚುವ ಕೊಕ್ಕೆ ತಂದಳು. "ತಪ್ಪು ಹೊಲಿಗೆ ಹಾಕಿದ್ರೆ ಏನು ಮಾಡ್ತಾರೆ? ಬಿಚ್ತಾರೆ," ಎಂದು ಮತ್ತೆ ದಿಂಬಿನ ಮೇಲೆ ಅಂಗಾತ ಮಲಗಿದಳು. ಮೇಲೆ ಪಕ್ಕದ ಸೀಟಿನ ಅಂಚಿಗೆ ಗ್ಯಾರೇಜಿನವರು, ಕೈಯಲ್ಲಿ ತಂತಿ ಕಟ್ಟಿದ ಪುಟ್ಟ ದೀಪ. ಕರೆಂಟು ಇದ್ದ ತುದಿಗೆ ತಾಗಿಸಿದರೆ ಅದು ಹೊತ್ತಿಕೊಳ್ಳುತ್ತದೆ. ಕೀ ತಿರುಗಿಸಲು ಒಬ್ಬರು ಬೇಕಿತ್ತು.

"ಅತ್ತಿಗೆ, ನೀವು ಕೂತ್ಕೊಳ್ಳಿ."

ಆ ಕಾರಿನ ಡ್ರೈವರ್ ಸೀಟಿನಲ್ಲಿ ನಾನು ಅಲ್ಲಿಯವರೆಗೆ ಕೂತವಳಲ್ಲ. ಸೀಟು ಇನ್ನೂ ಯಜಮಾನರ ಕಡೆಯೇ ಇತ್ತು, ಬಲಕ್ಕೆ ಸ್ವಲ್ಪ ತಗ್ಗು, ಅವರು ವಾಲಿ ಕೂರುತ್ತಿದ್ದ ಜಾಗ. ನಾನು ಆ ತಗ್ಗಿನಲ್ಲಿ ಕೂತೆ. ಕಾಲ ಬಳಿ ಸೂಜಿಯ ತಲೆ, ಅವಳ ನರೆಗೂದಲ ತುಂಬ ಟೇಪಿನ ಚೂರು.

ಅವಳು ಒಂದು ತುದಿಯ ಟೇಪು ಬಿಚ್ಚುವಳು, ಅವರು ದೀಪ ತಾಗಿಸುವರು, "ತಿರುಗಿಸಿ," ಎನ್ನುವರು, ನಾನು ಕೀ ತಿರುಗಿಸುವೆ. ಕೆಲವು ತುದಿಗಳಲ್ಲಿ ಕೀ ತಿರುಗಿಸುವ ಮೊದಲೇ ದೀಪ ಹೊತ್ತಿತ್ತು. "ಅದಲ್ಲ." ಕೆಲವು ಹೊತ್ತಲೇ ಇಲ್ಲ. "ಅದನ್ನ ಪಕ್ಕಕ್ಕಿಡಿ." ನನ್ನ ಕೈ ನೋಯತೊಡಗಿತ್ತು. ಬೇಕರಿಯವನು ಕಿಟಕಿಯಲ್ಲಿ ತಲೆ ತೂರಿಸಿ, "ಆಪರೇಷನ್ ಹೇಗೆ ನಡೀತಿದೆ, ರೋಗಿ ಉಳೀತಾನಾ?" ಎಂದು ಕೇಳಿ ಬೈಸಿಕೊಂಡು ಹೋದ. ಆಮೇಲೆ ಒಂದು ತುದಿ ಸಿಕ್ಕಿತು. ಸುಮ್ಮನಿದ್ದಾಗ ಕತ್ತಲು, ನಾನು ಕೀಯನ್ನು ಕೊನೆಯವರೆಗೆ ತಿರುಗಿಸಿದಾಗ ಮಾತ್ರ ಬೆಳಕು. ಬಿಟ್ಟರೆ ಮತ್ತೆ ಕತ್ತಲು.

"ಸುದ್ದಿ ಹೊರಡೋ ದಡ ಇದೇ," ಅಂದರು ಗ್ಯಾರೇಜಿನವರು. "ಇನ್ನು ಆ ಕಡೆ ದಡ. ಅದು ಹೊತ್ತಲ್ಲ, ಅದರಲ್ಲಿ ಕರೆಂಟೇ ಇಲ್ಲ. ಹೊತ್ತದೆ ಇರೋವು ನಾಲ್ಕೈದಿವೆ. ಸುಮ್ಮನೆ ಯಾವುದಕ್ಕೋ ಕೂಡಿಸಿದ್ರೆ ಏನಾದ್ರೂ ಸುಟ್ಟೀತು."

"ತಡೀರಿ," ಅಂದಳು ಸೂಜಿ ಕೆಳಗಿನಿಂದ. "ಈ ಕಪ್ಪು ತಂತಿ ಅವನು ಆಮೇಲೆ ಸೇರಿಸಿದ್ದು ಅಲ್ವಾ? ಇದರ ಹಿಂದೆ ಕಾರಿನದೇ ತಂತಿ ಇರಬೇಕು. ಒಂದೇ ತಂತೀನ ನಡುವೆ ಕತ್ತರಿಸಿದ್ದು ಅಂದ್ರೆ ಎರಡೂ ತುದಿ ಒಂದೇ ಥಾನಿನ ಬಟ್ಟೆ."

ಟೇಪನ್ನು ಇನ್ನೂ ಹಿಂದಕ್ಕೆ, ಅಂಗಡಿಯವನು ಹಾಕಿದ್ದ ಗಂಟಿನ ಆಚೆಯವರೆಗೂ ಬಿಚ್ಚಿದಳು. ಕಪ್ಪಿನ ಹಿಂದೆ ಬಿಳಿ ತಂತಿ, ಅದರ ಮೇಲೆ ಸಣ್ಣ ಹಳದಿ ಗೆರೆ. ಆಮೇಲೆ ಉಳಿದ ತುದಿಗಳನ್ನೂ ಹಾಗೆಯೇ ಬಿಚ್ಚುತ್ತ ಹೋದಳು. ಒಂದರ ಹಿಂದೆ ಕಂದು, ಒಂದರ ಹಿಂದೆ ಹಸಿರು. ಇನ್ನೊಂದರ ಹಿಂದೆ ಬಿಳಿಯೇ, ಆದರೆ ತೆಳ್ಳಗಿನದು. ಅದನ್ನು ಬೆರಳುಗಳ ನಡುವೆ ಹೊರಳಿಸಿ, "ಇದು ಅಸ್ತರ್, ಮೇಲ್ಬಟ್ಟೆ ಅಲ್ಲ," ಎಂದು ಬಿಟ್ಟಳು. ಗ್ಯಾರೇಜಿನವರು ಕೆಮ್ಮಿ ನಕ್ಕರು. ಕಟ್ಟಿನ ಒಳಗಿಂದ ಕಡೆಯದೊಂದು ತುದಿ ಎಳೆದಳು. ಬಿಳಿ, ಹಳದಿ ಗೆರೆ, ಅದೇ ದಪ್ಪ. ಎರಡನ್ನೂ ಪಕ್ಕಪಕ್ಕ ಹಿಡಿದು ಗೆರೆಗೆ ಗೆರೆ ಹೊಂದಿಸಿದಳು, ಪಟ್ಟೆ ಬಟ್ಟೆಯ ಜೇಬು ಹೊಂದಿಸುವ ಹಾಗೆ.

"ಹೌದು," ಅಂದರು ಗ್ಯಾರೇಜಿನವರು. "ಇದೇ."

ಬ್ಯಾಟರಿ ಬಿಚ್ಚಿಸಿದರು. ಎರಡು ತುದಿಗಳ ತಾಮ್ರವನ್ನು ಕೆರೆದು, ಹೊಸೆದು, ಸೀಸ ಕಾಯಿಸಿ ಬೆಸೆದರು. ಮೇಲೆ ಟೇಪು ಸುತ್ತುವ ಕೆಲಸವನ್ನು ಸೂಜಿಗೇ ಬಿಟ್ಟರು. "ಅದು ನಿಮ್ಮ ಇಲಾಖೆ ಅಕ್ಕಾ." ಬ್ಯಾಟರಿ ಮತ್ತೆ ಜೋಡಿಸಿದರು. ನಾನು ಇಳಿಯಲು ಹೊರಟೆ.

"ಎಲ್ಲಿಗೆ ಹೊರಟ್ರಿ ಅತ್ತಿಗೆ? ಇಷ್ಟು ಹೊತ್ತು ತಿರುಗಿಸಿದೋರು ನೀವು. ಇದನ್ನೂ ನೀವೇ ತಿರುಗಿಸಿ."

ತಿರುಗಿಸಿದೆ. ಕಾರು ಒಂದು ಸಲ ಮೈ ಮುರಿದು ಎದ್ದಿತು. ಸೀಟು ನಡುಗಿತು, ನನ್ನ ಕೈಯ ಬಳೆ ಸಣ್ಣಗೆ ಸದ್ದು ಮಾಡಿತು. ಸೂಜಿ ಕೆಳಗೆ ಮಲಗಿದ್ದವಳು ಹಾಗೆಯೇ ನನ್ನ ಪಾದ ಹಿಡಿದುಕೊಂಡು ನಗುತ್ತಿದ್ದಳು. "ಆರಿಸಿ, ಇನ್ನೊಮ್ಮೆ," ಅಂದಳು. ಆರಿಸಿ ಇನ್ನೊಮ್ಮೆ ತಿರುಗಿಸಿದೆ. ಎದ್ದಿತು. ಎದುರುಮನೆಯ ಕಿಟಕಿಯಿಂದ, "ಸಾಕು, ನಂಬಿದ್ವಿ, ಮಲಗೋಕೆ ಬಿಡಿ," ಎಂಬ ಕೂಗು ಬಂತು.

ಎದ್ದು ಕೂತ ಸೂಜಿ ಒಂದು ಕೆಲಸ ಮಾಡಿದಳು. ಬೆಸೆದ ಜಾಗಕ್ಕೆ ಕೆಂಪು ಬಟ್ಟೆಯ ಸಣ್ಣ ಚೂರೊಂದನ್ನು ಗಂಟು ಹಾಕಿ, ಅದರ ತುದಿಯನ್ನು ಕತ್ತರಿಸದೆ ಹಾಗೆಯೇ ನೇತಾಡಲು ಬಿಟ್ಟಳು.

"ಏನೇ ಇದು, ನೀನು ಎಳೆ ಬಿಡೋದಾ?" ಅಂದೆ.

"ನಾಳೆ ಇನ್ಯಾರಾದ್ರೂ ಒಳಗೆ ಕೈ ಹಾಕಿದ್ರೆ, ಇಲ್ಲೊಂದು ಕೂಡು ಇದೆ ಅಂತ ಗೊತ್ತಾಗ್ಲಿ ಅತ್ತಿಗೆ," ಅಂದಳು. ಅದನ್ನು ಎರಡು ಸಲ ನೋಡಿದಳು, ಕೈ ಕತ್ತರಿಯ ಕಡೆ ಹೋಯಿತು, ಹಿಂದಕ್ಕೆ ಬಂತು.

ಭಾನುವಾರ ಭಾವ ಕೊಳ್ಳುವವರನ್ನು ಕರೆದುಕೊಂಡು ಬಂದಾಗ ಕಾರು ಬಾಗಿಲಲ್ಲಿ ಇರಲಿಲ್ಲ. ಸೂಜಿ ಬೇಕರಿಯವನ ತಾಯಿಯನ್ನು ಕಣ್ಣಿನ ಡಾಕ್ಟರ ಹತ್ತಿರ ಬಿಟ್ಟು ಬರಲು ಹೋಗಿದ್ದಳು. ಭಾವ ಖಾಲಿ ಜಾಗವನ್ನು, ಎಣ್ಣೆಯ ಕಲೆಯನ್ನು ನೋಡಿ, "ಕಬ್ಬಿಣ ಎಲ್ಲಮ್ಮಾ?" ಅಂದರು.

"ಓಡಾಡ್ತಿದೆ ಭಾವ. ನೀವೇ ಹೇಳಿದ್ರಲ್ಲ, ಓಡಿದ್ರೆ ಕಾರು ಅಂತ."

ಬಂದ ಮನುಷ್ಯ ಚಹಾ ಕುಡಿದು, ಬೇಸರವಿಲ್ಲದೆ ಹೋದ. ಭಾವ ಕಾದು ಕೂತರು. ಕಾರು ಬಂದಾಗ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಟೈರು ಒತ್ತಿ ನೋಡಿ, "ನನ್ನನ್ನ ಮನೇವರೆಗೆ ಬಿಡ್ತೀಯಾ ಹಾಗಾದ್ರೆ?" ಎಂದು ತಂಗಿಯನ್ನು ಕೇಳಿದರು. ಹಿಂದಿನ ಸೀಟಿನಲ್ಲಿ ಎರಡೂ ಕೈಯಿಂದ ಮುಂದಿನ ಸೀಟನ್ನು ಹಿಡಿದು ಕೂತರು. ಇಳಿಯುವಾಗ, "ನಿನ್ನ ಚಿಕ್ಕಣ್ಣನಿಗಿಂತ ಮೆಲ್ಲಗೆ ಓಡಿಸ್ತೀಯ. ಮುಂದಿನ ತಿಂಗಳು ನಂಗೂ ಡಾಕ್ಟರ ಹತ್ರ ಹೋಗೋದಿದೆ," ಅಂದರು.

ಗಡಿಯಾರದವರ ಮನೆಗೆ ಸೋಮವಾರ ಹೋದೆವು, ಜೊತೆಗೆ ನಾನೂ. ಗೋಡೆಯ ತುಂಬ ನಿಂತ ಗಡಿಯಾರಗಳು, ಒಂದೊಂದು ಒಂದೊಂದು ಹೊತ್ತು ತೋರಿಸುತ್ತಿದ್ದವು. ಸೂಜಿ ಅವರನ್ನು ಮಗ್ಗುಲಿಗೆ ಹೊರಳಿಸಿ, ಅಂಗಿ ತೊಡಿಸಿ, ಹಿಂದಿನ ಪಟ್ಟಿ ಕಟ್ಟಿದಳು. ಮುಂದಿನದನ್ನು ಮುಟ್ಟಲಿಲ್ಲ. ಅವರು ಕಣ್ಣು ಮುಚ್ಚಿಕೊಂಡು, ಬೆರಳಿನಿಂದ ತಡಕುತ್ತ ಕೆಳಗಿನ ಗುಂಡಿಯಿಂದ ಶುರುಮಾಡಿ ಮೇಲಿನವರೆಗೆ ಒಂದೊಂದಾಗಿ ಹಾಕಿಕೊಂಡರು. ಕಾಲರಿನ ಗುಂಡಿ ಬಂದಾಗ ನಿಂತು, "ಇದನ್ನ ಬಿಡ್ತೀನಿ. ಮನೇಲಿರುವಾಗ ಕಾಲರು ತೆರೆದೇ ಇಡೋನು ನಾನು," ಅಂದರು.

ಈಗ ಮಲಗುವ ಮುಂಚೆ ಬೀದಿಯಲ್ಲಿ ಕೀಂ ಕೀಂ ಇಲ್ಲ. ಮೊದಮೊದಲು ನಾನು ಮಗ್ಗುಲು ಬದಲಿಸುತ್ತ ಕಾಯುತ್ತಿದ್ದೆ. ಅದನ್ನು ಯಾರಿಗೂ ಹೇಳಿರಲಿಲ್ಲ. ಒಂದು ದಿನ ಸೂಜಿ ಕೆಳಗೆ ಹೋಗಿ ಕಾರಿನ ಬಾಗಿಲಿಗೆ ಬೀಗ ತಿರುಗಿಸಿ, ಮೆಟ್ಟಿಲ ಬುಡದಲ್ಲಿ ನಿಂತು, ಕತ್ತು ಮೇಲೆತ್ತಿ ಬಾಯಿಂದಲೇ, "ಕೀಂ ಕೀಂ," ಅಂದಳು.

"ಕೇಳಿಸ್ತು," ಅಂದೆ ನಾನು ಕಿಟಕಿಯಿಂದ.

"ಹಾಗಾದ್ರೆ ಮಲಗಿ. ನಾಳೆ ನೀವು ಕ್ಲಚ್ಚು ಒತ್ತೋದು ಕಲೀಬೇಕು," ಎಂದು ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತತೊಡಗಿದಳು.